ಕಂಬ ನಂಬರ್ ಹದಿನೇಳು

ಹೆಸರು ಹೇಳಿದ: ಹುಚ್ಚೀರಪ್ಪ.
ಚೀಟಿ ಬರೆಯುವ ಹುಡುಗ ತಲೆ ಎತ್ತದೆ
ಮಾನಸಿಕ ವಿಭಾಗಕ್ಕೆ ಕಳಿಸಿದನಂತೆ.
ಅಲ್ಲಿ ಮೂರು ತಾಸು ಕೂತು, ಸರದಿ ಬಂದಾಗ
ಕಾಲು ತೋರಿಸಿದ.
ಹೆಬ್ಬೆರಳು ಸುಟ್ಟ ಬದನೆಯ ಹಾಗಿತ್ತು.
"ಇದು ಇಲ್ಲಿಯ ಕೇಸಲ್ಲ" ಅಂದರು.

ಅದಕ್ಕೇ ಈಗ ನಾವೇ ಬರುತ್ತೇವೆ,
ಮಂಗಳವಾರ, ಶುಕ್ರವಾರ, ರಾತ್ರಿ ಹತ್ತರ ಮೇಲೆ,
ದಸ್ತಗೀರನ ಆಟೊದಲ್ಲಿ
ಡ್ರೆಸ್ಸಿಂಗ್ ಟ್ರೇ, ಬಿ.ಪಿ. ಮಷಿನ್ನು, ಸಲೈನ್ ಬಾಟಲಿ, ನಾನು.
ಮಾರ್ಕೆಟ್ ಫ್ಲೈಓವರಿನ ಕೆಳಗೆ
ಊರು ಮಗ್ಗುಲು ಬದಲಿಸುವ ಹೊತ್ತು ಅದು:
ಟೊಮೆಟೊ ಲಾರಿ ಹೋಗಿ ಹೂವಿನ ಟೆಂಪೊ ಬರಬೇಕು.
ನೆಲಕ್ಕೆ ಕೂರುವಾಗ ನನ್ನ ಮಂಡಿ ಕಿರ್ ಅನ್ನುತ್ತದೆ.
"ಅಕ್ಕಾ, ಮೊದಲು ನಿಮಗೆ ಎಣ್ಣೆ ಬಿಡಬೇಕು" ಅಂತಾನೆ.

ರಿಜಿಸ್ಟರಿನಲ್ಲಿ ವಿಳಾಸದ ಕಾಲಂ ಇದೆ.
ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ,
ಔಷಧ ಬರುವುದಿಲ್ಲ.
ಬರೆದೆ: ಕಂಬ ನಂಬರ್ ಹದಿನೇಳು, ಗಾಳಿ ಬಡಿಯದ ಬದಿ.
ಹದಿನೆಂಟರಲ್ಲಿ ಖಾಜಾಬಿ, ಕ್ಷಯ, ನಾಲ್ಕನೇ ತಿಂಗಳು.
ಇಪ್ಪತ್ತೊಂದರಲ್ಲಿ ಹೆಸರು ಹೇಳದ ಹುಡುಗ,
ಉಸಿರಲ್ಲಿ ಸೊಲ್ಯೂಷನ್ ವಾಸನೆ, ಅಂಗೈಗೆ ಮೂರು ಹೊಲಿಗೆ.

ಇನ್ಸುಲಿನ್ ತಣ್ಣಗಿರಬೇಕು.
ತಣ್ಣಗೆ ಅಂದರೆ ಫ್ರಿಜ್ಜು, ಫ್ರಿಜ್ಜು ಅಂದರೆ ಗೋಡೆ,
ಗೋಡೆ ಅಂದರೆ...
ಹೂವಿನ ಅಂಜಿನಮ್ಮ ನಡುವೆ ಬಾಯಿ ಹಾಕಿದಳು:
"ಮಲ್ಲಿಗೆ ಮೊಗ್ಗನ್ನೇ ಅರಳದಂಗೆ ರಾತ್ರಿಯೆಲ್ಲಾ ತಡೀತೀನಿ,
ನಿಮ್ಮ ಬುಡ್ಡಿ ಎಷ್ಟರದು, ಕೊಡ್ರಮ್ಮ ಇಲ್ಲಿ."
ಮಡಕೆಯೊಳಗೊಂದು ಮಡಕೆ, ನಡುವೆ ಒದ್ದೆ ಮರಳು,
ಮೇಲೆ ಗೋಣಿತಟ್ಟು.
ಬೆಳಿಗ್ಗೆ ಆರಕ್ಕೆ, ಕನಕಾಂಬರ ಮೊಳ ಹಾಕುತ್ತ,
ಅವನು ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ಕಾಯುತ್ತಾಳೆ.
ಸಿರಿಂಜಿನ ಗೀಟು ಓದುವವಳು ಅವಳೇ, ಅಕ್ಷರ ಬಾರದವಳು.
ಮೊಳ ಗೊತ್ತಿದ್ದವಳಿಗೆ ಗೀಟು ಏನು ಕಷ್ಟ.
"ಚುಚ್ಕೊಂಡು ಹಸ್ಕೊಂಡಿದ್ರೆ ಸಾಯ್ತೀಯ, ತಿನ್ನು ಮುಂಡೇದೆ."

ಗಾಯ ಮಾಗುತ್ತಿತ್ತು.
ಅಂಚಿನಿಂದ ಒಳಕ್ಕೆ ಗುಲಾಬಿ ಮಾಂಸ ಬರುತ್ತಿತ್ತು.
ಟಾರ್ಚು ಹಿಡಿದು ದಸ್ತಗೀರನಿಗೂ ತೋರಿಸಿದೆ.
ಅವನು ಮುಖ ತಿರುಗಿಸಿಕೊಂಡೇ "ಮಾಶಾ ಅಲ್ಲಾ" ಅಂದ.

ಆ ಶುಕ್ರವಾರ ಕಂಬಗಳಿಗೆ ಬಣ್ಣ ಬಳಿದಿದ್ದರು.
ಹುಲಿ, ನವಿಲು, ಯಕ್ಷಗಾನದ ಕಿರೀಟ.
ಯಾರೋ ದೊಡ್ಡವರು ಬರುವವರಿದ್ದರಂತೆ.
ನಂಬರು ಇರಲಿಲ್ಲ. ಜನವೂ.
ಸುತ್ತ ಕಬ್ಬಿಣದ ಬೇಲಿ, ಒಳಗೆ ಹೊಸ ಕುಂಡ.
ಒಂದರಿಂದ ಎಣಿಸುತ್ತ ಬಂದೆ, ನಡುವೆ ತಪ್ಪಿತು,
ಮತ್ತೆ ಒಂದರಿಂದ.
ಹದಿನೇಳು ನವಿಲಾಗಿತ್ತು. ಅದರ ಬುಡದಲ್ಲಿ
ನಾನೇ ಕಟ್ಟಿದ ಗಾಜ್ ಪಟ್ಟಿಯ ತುಂಡೊಂದು
ನೀಲಿ ಬಣ್ಣಕ್ಕೆ ಅಂಟಿಕೊಂಡು ಒಣಗಿತ್ತು.

ಕಲಾಸಿಪಾಳ್ಯ, ಸಿಟಿ ಸ್ಟೇಷನ್, ಶಿವಾಜಿನಗರದ ಬಸ್ ಸ್ಟ್ಯಾಂಡು.
ಖಾಜಾಬಿ ಸಿಕ್ಕಳು. ಮಾತ್ರೆ ಸೆರಗಿನ ಗಂಟಿನಲ್ಲಿ,
ಒಂದು ದಿನವೂ ತಪ್ಪಿಸಿರಲಿಲ್ಲ.
"ಅವರು ಲಾಠಿ ತಂದ್ರು, ನಾನು ಮೊದಲು ಇದನ್ನ ಹಿಡ್ಕೊಂಡೆ" ಅಂದಳು.
ಹುಡುಗ ಸಿಗಲಿಲ್ಲ. ಹೊಲಿಗೆ ಬಿಚ್ಚುವ ದಿನ ದಾಟಿತ್ತು.

ಐದೂವರೆಗೆ ವಾಪಸು ಮಾರ್ಕೆಟ್ಟಿಗೆ.
ಅಂಜಿನಮ್ಮ ಮಡಕೆಗೆ ನೀರು ಚಿಮುಕಿಸುತ್ತಿದ್ದಳು.
"ಮೂರು ದಿನ ಆಯ್ತು. ಬರ್ತಾನೆ.
ಬುಡ್ಡಿ ಇಲ್ಲೇ ಐತಲ್ಲ."
ಪಕ್ಕದಲ್ಲಿ ಬಾಳೆಎಲೆಯಲ್ಲಿ ಕಟ್ಟಿಸಿಟ್ಟ ಎರಡು ಇಡ್ಲಿ.
ನಾನು ರಿಜಿಸ್ಟರು ತೆಗೆದು, ಕಂಬವನ್ನು ಹೊಡೆದು ಹಾಕಿ,
ಬರೆದೆ: ಅಂಜಿನಮ್ಮನ ಮಡಕೆ, ಹೂವಿನ ಸಾಲು.

ಆರು ಗಂಟೆ. ಆರೂಕಾಲು.
ವಾರ್ಡಿನಲ್ಲಿ ನನ್ನ ಪಾಳಿ ಎಂಟಕ್ಕೆ.
ಪ್ರತಿ ಕುಂಟು ಹೆಜ್ಜೆಗೂ ಇಬ್ಬರೂ ತಲೆ ಎತ್ತುತ್ತಿದ್ದೆವು.
ಈ ಮಾರ್ಕೆಟ್ಟಿನಲ್ಲಿ ಎಷ್ಟೊಂದು ಜನ ಕುಂಟುತ್ತಾರೆ,
ಇಷ್ಟು ವರ್ಷ ಬಂದರೂ
ನನಗೆ ಗೊತ್ತೇ ಇರಲಿಲ್ಲ.